ಗಣಿಯ ಪೈಪು ಕವಲೊಡೆಯುವ ಜಾಗ

ಗಣಿಯೊಂದರಲ್ಲಿ ಪೈಪುಗಳು ಹೊರುವ ಕೆಲಸ ಒಂದೆರಡಲ್ಲ. ತಳದಲ್ಲಿ ಜಿನುಗಿ ನಿಂತ ನೀರನ್ನು ಮೇಲಕ್ಕೆತ್ತಬೇಕು. ಬಂಡೆ ಕೊರೆಯುವ ಡ್ರಿಲ್ಲುಗಳಿಗೆ ಗಾಳಿಯನ್ನೂ ನೀರನ್ನೂ ಮುಟ್ಟಿಸಬೇಕು. ನುಣ್ಣಗೆ ಅರೆದ ಅದಿರನ್ನು ನೀರಿನಲ್ಲಿ ಕಲಸಿ ದೂರಕ್ಕೆ ಸಾಗಿಸಬೇಕು. ಲೋಹ ತೆಗೆದ ಮೇಲೆ ಉಳಿದ ರಾಡಿಯನ್ನು ಅಣೆಕಟ್ಟೆಯ ಹಿಂದಕ್ಕೆ ಬಿಡಬೇಕು, ಅಗೆದು ಬರಿದಾದ ಟೊಳ್ಳುಗಳಿಗೆ ಮರಳು ತುಂಬಬೇಕು. ಇವುಗಳಲ್ಲಿ ಯಾವ ಕೆಲಸವೂ ಒಂದೇ ನೇರ ಪೈಪಿನಿಂದ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಲೈನು ಎರಡಾಗಬೇಕು, ಇಲ್ಲವೇ ಎರಡು ಲೈನುಗಳು ಕೂಡಿ ಒಂದಾಗಬೇಕು. ಆ ಜಾಗದಲ್ಲಿ ಕೂರುವ ತುಂಡೇ ಕವಲು ಫಿಟಿಂಗ್.

ಮನೆಯ ನಲ್ಲಿ ಸಾಲಿನಲ್ಲಿ ಇದು ಅಂಗಡಿಯಿಂದ ತಂದು ತಿರುಗಿಸಿ ಕೂರಿಸುವ ಸಣ್ಣ ಸಾಮಾನು. ಗಣಿಯಲ್ಲಿ ಹಾಗಲ್ಲ. ಹರಿವಿನ ವೇಗ, ಒಳಗಿನ ಒತ್ತಡ, ಲೋಹದ ಸವೆತ, ಪೈಪಿನ ಬಲ ಈ ನಾಲ್ಕೂ ಒಟ್ಟಿಗೆ ಬದಲಾಗುವುದು ಕವಲಿನಲ್ಲಿ. ಕಿಲೋಮೀಟರುಗಟ್ಟಲೆ ನೇರ ಪೈಪು ವರ್ಷಾನುಗಟ್ಟಲೆ ತಾಳಿಕೊಂಡಿರುವಾಗ ಅದೇ ಲೈನಿನ ಕವಲು ಮೊದಲು ತೂತಾಗುವುದಕ್ಕೆ, ಮೊದಲು ಕಟ್ಟಿಕೊಳ್ಳುವುದಕ್ಕೆ ಕಾರಣ ಇದೇ.

ಕವಲುಗಳ ಬಗೆ

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಟೀ. ಮುಖ್ಯ ಪೈಪಿನ ಮೈಗೆ 90 ಡಿಗ್ರಿಯಲ್ಲಿ ಮೂರನೆಯ ಬಾಯಿ ಇರುವ ತುಂಡು ಇದು. ಮೂರೂ ಬಾಯಿಗಳ ಅಳತೆ ಒಂದೇ ಆಗಿದ್ದರೆ ಈಕ್ವಲ್ ಟೀ, ಕವಲಿನ ಬಾಯಿ ಚಿಕ್ಕದಾಗಿದ್ದರೆ ರೆಡ್ಯೂಸಿಂಗ್ ಟೀ. ಕವಲು ಓರೆಯಾಗಿ, ಸಾಮಾನ್ಯವಾಗಿ 45 ಡಿಗ್ರಿಯಲ್ಲಿ, ಹೊರಟರೆ ಲ್ಯಾಟರಲ್. ಎರಡು ಕವಲುಗಳೂ ಸಮನಾಗಿ ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಸರಿದರೆ ವೈ. ನಾಲ್ಕು ಬಾಯಿಯದು ಕ್ರಾಸ್. ರಾಡಿ ಹರಿಯುವ ಲೈನುಗಳಲ್ಲಿ ಇದರ ಬಳಕೆ ಅಪರೂಪ. ದಪ್ಪ ಪೈಪೊಂದರಿಂದ ಹಲವು ಕವಲುಗಳು ಸಾಲಾಗಿ ಹೊರಟರೆ ಆ ದಪ್ಪ ಪೈಪಿಗೆ ಹೆಡರ್ ಎಂದು ಹೆಸರು.

ತಯಾರಾದ ಟೀ ಇಲ್ಲದೆಯೂ ಕವಲು ತೆಗೆಯಬಹುದು. ಉಕ್ಕಿನ ಪೈಪಿನ ಮೈಯಲ್ಲಿ ತೂತು ಕೊರೆದು ಅದರ ಮೇಲೆ ಇನ್ನೊಂದು ಪೈಪನ್ನು ವೆಲ್ಡ್ ಮಾಡುವುದು ಒಂದು ದಾರಿ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಪೈಪಿನ ಮೈಗೆ ತಬ್ಬಿಕೊಳ್ಳುವಂಥ ಸ್ಯಾಡಲ್ ಇಟ್ಟು, ಅದರೊಳಗಿನ ತಂತಿಗೆ ವಿದ್ಯುತ್ ಹರಿಸಿ ಕರಗಿಸಿ ಅಂಟಿಸುವುದು ಇನ್ನೊಂದು. ಲೈನನ್ನು ನಿಲ್ಲಿಸುವಂತಿಲ್ಲದ ಕಡೆ, ಪೈಪಿನ ಸುತ್ತ ಎರಡು ಹೋಳಿನ ಟೀ ಜೋಡಿಸಿ, ವಾಲ್ವ್ ಕೂರಿಸಿ, ಒಳಗೆ ಒತ್ತಡ ಇದ್ದಂತೆಯೇ ತೂತು ಕೊರೆಯುವ ವಿಧಾನವೂ ಇದೆ. ಯಾವ ದಾರಿ ಹಿಡಿಯಬೇಕೆಂಬುದು ಪೈಪು ಯಾವುದರದ್ದು, ಒಳಗೆ ಹರಿಯುವುದೇನು, ಕವಲು ಎಷ್ಟು ದಿನ ಇರಬೇಕು ಎಂಬ ಮೂರು ಪ್ರಶ್ನೆಗಳ ಮೇಲೆ ನಿಂತಿದೆ.

ಹಂಚಿಕೆಯ ಲೆಕ್ಕ

ಕವಲಿನ ಲೆಕ್ಕ ಪೈಪಿನ ಅಡ್ಡಗಲದಿಂದ ಶುರುವಾಗುತ್ತದೆ. ಹೊಸಬರು ಎಡವುವುದೂ ಇಲ್ಲಿಯೇ. 300 ಮಿಲಿಮೀಟರಿನ ಪೈಪನ್ನು ಎರಡು ಮಾಡಬೇಕಾದಾಗ 150 ಮಿಲಿಮೀಟರಿನ ಎರಡು ಪೈಪು ಸಾಕೆಂದು ಕಾಣುತ್ತದೆ. ಆದರೆ ಹರಿವಿಗೆ ಬೇಕಾದ ಜಾಗ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. 300 ಮಿಲಿಮೀಟರಿನ ಒಂದು ಪೈಪಿಗೆ ಸಮ ಬರಬೇಕಾದರೆ 150 ಮಿಲಿಮೀಟರಿನ ನಾಲ್ಕು ಪೈಪು ಬೇಕು. ಎರಡೇ ಹಾಕಿದರೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದದ್ದು ಕವಲುಗಳಲ್ಲಿ 6 ಮೀಟರ್ ವೇಗದಲ್ಲಿ ಓಡಬೇಕಾಗುತ್ತದೆ. ಕಲ್ಲುಪುಡಿ ತುಂಬಿದ ಹರಿವಿನಲ್ಲಿ ಸವೆತ ವೇಗದ ಎರಡರಿಂದ ಮೂರನೆಯ ಘಾತದಷ್ಟು ಏರುತ್ತದೆ. ಅಂದರೆ ವೇಗ ಇಮ್ಮಡಿಯಾದರೆ ಸವೆತ ನಾಲ್ಕರಿಂದ ಎಂಟು ಪಟ್ಟು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು. 300 ಮಿಲಿಮೀಟರಿನ ಹೆಡರಿನಲ್ಲಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 212 ಲೀಟರ್ ಹರಿಯುತ್ತಿದೆ ಎಂದುಕೊಳ್ಳೋಣ. ಮೊದಲ ಕವಲಿನಲ್ಲಿ ಅರ್ಧ ಹೊರಗೆ ಹೋಯಿತು. ಮುಂದಿನ ಹೆಡರ್ ಅದೇ ಅಳತೆಯದಾದರೆ ವೇಗ ಒಂದೂವರೆ ಮೀಟರಿಗೆ ಇಳಿಯುತ್ತದೆ. ಬರಿ ನೀರಾದರೆ ಇದರಿಂದ ನಷ್ಟವಿಲ್ಲ. ಒರಟು ಮರಳಿದ್ದರೆ ಅದು ತಳಕ್ಕೆ ಕೂತು, ಪದರಗಟ್ಟಿ, ಕೊನೆಗೆ ಲೈನನ್ನೇ ಕಟ್ಟಿಹಾಕುತ್ತದೆ. ಆದ್ದರಿಂದ ಕವಲಾದ ಮೇಲೆ ರೆಡ್ಯೂಸರ್ ಹಾಕಿ ಹೆಡರನ್ನು 200 ಮಿಲಿಮೀಟರಿಗೆ ಇಳಿಸುತ್ತಾರೆ. ಉಳಿದ ಹರಿವು ಮತ್ತೆ ಮೂರು ಮೀಟರಿಗಿಂತ ತುಸು ಹೆಚ್ಚಿನ ವೇಗ ಪಡೆಯುತ್ತದೆ.

ಕವಲು ಒತ್ತಡವನ್ನೂ ತಿನ್ನುತ್ತದೆ. ಈ ನಷ್ಟವನ್ನು ಎಂಜಿನಿಯರುಗಳು ನೇರ ಪೈಪಿನ ಉದ್ದಕ್ಕೆ ಪರಿವರ್ತಿಸಿ ಹೇಳುತ್ತಾರೆ. ಸಾಮಾನ್ಯ ಟೀಯಲ್ಲಿ ನೇರವಾಗಿ ಹಾದುಹೋಗುವ ಹರಿವಿಗೆ ಆಗುವ ನಷ್ಟ ಪೈಪಿನ ವ್ಯಾಸದ 20 ಪಟ್ಟು ಉದ್ದದ ಪೈಪಿನಲ್ಲಿ ಆಗುವಷ್ಟು. ಕವಲಿಗೆ ತಿರುಗುವ ಹರಿವಿಗೆ ಅದು 60 ಪಟ್ಟು. 150 ಮಿಲಿಮೀಟರಿನ ಲೈನಿನಲ್ಲಿ ಒಂದು ಟೀಯ ಮೂಲಕ ತಿರುಗುವುದೆಂದರೆ ಇನ್ನೂ 9 ಮೀಟರ್ ಪೈಪು ಕೂಡಿಸಿದಂತೆ. ಓರೆ ಕವಲಿನಲ್ಲಿ ಈ ನಷ್ಟ ಕಡಿಮೆ, ಏಕೆಂದರೆ ಹರಿವು ಒಮ್ಮೆಲೇ ಮುರಿದು ತಿರುಗಬೇಕಿಲ್ಲ. ಹತ್ತಾರು ಕವಲುಗಳಿರುವ ಗಣಿಯಲ್ಲಿ ಈ ವ್ಯತ್ಯಾಸ ಪಂಪಿನ ಕರೆಂಟು ಬಿಲ್ಲಿನಲ್ಲಿ ಕಾಣುತ್ತದೆ.

ಗಾಳಿ ಮತ್ತು ನೀರು

ರಾಯಚೂರು ಜಿಲ್ಲೆಯ ಹಟ್ಟಿಯಂಥ ಭೂಗತ ಚಿನ್ನದ ಗಣಿಯಲ್ಲಿ, 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯಲ್ಲಿಯೂ, ಪೈಪುಗಳ ಬಹುಕಾಲದ ಕೆಲಸ ಗಾಳಿ ಸಾಗಿಸುವುದು. ಮೇಲಿನ ಕಂಪ್ರೆಸರಿನಿಂದ ಹೊರಟ ಗಾಳಿ ಶಾಫ್ಟಿನಲ್ಲಿ ಇಳಿಯುತ್ತದೆ. ಪ್ರತಿ ಲೆವೆಲಿನಲ್ಲಿ ಒಂದು ಕವಲು, ಲೆವೆಲಿನಿಂದ ಅದಿರು ತೆಗೆಯುವ ಪ್ರತಿ ಸ್ಟೋಪಿಗೆ ಇನ್ನೊಂದು ಕವಲು, ಅಲ್ಲಿಂದ ರಬ್ಬರ್ ಹೋಸಿನಲ್ಲಿ ಡ್ರಿಲ್ಲಿಗೆ. ಇದರ ಜತೆಗೇ ನೀರಿನ ಲೈನೂ ಸಾಗುತ್ತದೆ. ಒಣ ಬಂಡೆ ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಕೋಲಾರದ ಗಣಿ ಕಾರ್ಮಿಕರನ್ನು ಬಹುವಾಗಿ ಕಾಡಿದ ರೋಗ ಅದು. ಡ್ರಿಲ್ಲಿನ ನಡುವಿನ ತೂತಿನಿಂದ ನೀರು ಹಾಯಿಸಿ ಕೊರೆದರೆ ದೂಳು ಕೆಸರಾಗಿ ಇಳಿದುಹೋಗುತ್ತದೆ. ಹಾಗಾಗಿ ಗಾಳಿಯ ಕವಲು ಇರುವ ಕಡೆಯೆಲ್ಲ ನೀರಿನ ಕವಲೂ ಇರಬೇಕು.

ಗಾಳಿ ಲೈನಿನ ಕವಲಿಗೆ ತನ್ನದೇ ಕ್ರಮವಿದೆ. ಒತ್ತಿದ ಗಾಳಿ ತಣಿದಂತೆ ಅದರಲ್ಲಿನ ತೇವ ನೀರಾಗಿ ಪೈಪಿನ ತಳದಲ್ಲಿ ಹರಿಯುತ್ತದೆ. ಕವಲನ್ನು ಮುಖ್ಯ ಪೈಪಿನ ತಳದಿಂದ ತೆಗೆದರೆ ಆ ನೀರೆಲ್ಲ ಡ್ರಿಲ್ಲಿಗೆ ಹೋಗಿ ಎಣ್ಣೆಯನ್ನು ತೊಳೆದುಹಾಕುತ್ತದೆ. ಅದಕ್ಕಾಗಿ ಕವಲನ್ನು ಪೈಪಿನ ನೆತ್ತಿಯಿಂದ ತೆಗೆದು, ಬಾಗಿಸಿ ಕೆಳಗಿಳಿಸುತ್ತಾರೆ. ಮುಖ್ಯ ಲೈನನ್ನು ಹರಿವಿನ ದಿಕ್ಕಿಗೆ ತುಸು ಇಳಿಜಾರಾಗಿ ಹಾಕಿ, ತಗ್ಗಿನ ತುದಿಯಲ್ಲಿ ನೀರು ಬಸಿಯುವ ಟ್ರ್ಯಾಪ್ ಇಡುತ್ತಾರೆ. ಸೋರಿಕೆಯ ಲೆಕ್ಕವೂ ಸಣ್ಣದಲ್ಲ. 7 ಬಾರ್ ಒತ್ತಡದ ಲೈನಿನಲ್ಲಿ 3 ಮಿಲಿಮೀಟರಿನ ಒಂದು ತೂತಿನಿಂದ ಸೆಕೆಂಡಿಗೆ ಸುಮಾರು 10 ಲೀಟರ್ ಗಾಳಿ ಹೊರಹೋಗುತ್ತದೆ. ಪ್ರತಿ ಟೀಗೂ ಮೂರು ಕೀಲು. ಕೀಲು ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು.

ನೀರೆತ್ತುವ ಲೈನಿನಲ್ಲಿ ಕವಲು ಹಂಚುವುದಕ್ಕಲ್ಲ, ಕೂಡಿಸುವುದಕ್ಕೆ. ಗಣಿಯ ತಳದ ಪಂಪ್ ಕೋಣೆಯಲ್ಲಿ ಒಂದೇ ಪಂಪನ್ನು ನಂಬಿ ಕೂರುವಂತಿಲ್ಲ. ಎರಡು ಮೂರು ಪಂಪುಗಳು ಒಂದೇ ಹೆಡರಿಗೆ ನೀರು ತಳ್ಳುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. ಪ್ರತಿ ಪಂಪಿನ ಕವಲಿನಲ್ಲಿಯೂ ನೀರು ಹಿಂದಿರುಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಅದರ ಮುಂದೆ ಗೇಟ್ ವಾಲ್ವ್. ಈ ಕವಲುಗಳು ಹೆಡರಿಗೆ ಓರೆಯಾಗಿ, ಹರಿವಿನ ದಿಕ್ಕಿಗೆ ಮುಖ ಮಾಡಿ ಸೇರುವುದು ಒಳ್ಳೆಯದು. ಟೀಯಲ್ಲಿ ಎದುರೆದುರಿನಿಂದ ಎರಡು ಪಂಪಿನ ನೀರು ಬಂದರೆ ಒಂದು ಇನ್ನೊಂದನ್ನು ಹಿಂದಕ್ಕೆ ಒತ್ತುತ್ತದೆ. ದುರ್ಬಲ ಪಂಪು ತಿರುಗುತ್ತಲೇ ಇದ್ದರೂ ನೀರು ತಳ್ಳದೆ ಬಿಸಿಯಾಗುತ್ತದೆ.

ಆಳ ಹೆಚ್ಚಿದಂತೆ ಕವಲಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಪ್ರತಿ 10 ಮೀಟರ್ ನೀರಿಗೆ ಸುಮಾರು 1 ಬಾರ್ ಒತ್ತಡ. 500 ಮೀಟರ್ ಎತ್ತುವ ಲೈನಿನ ಬುಡದಲ್ಲಿ ಇರುವ ಟೀ ಸುಮಾರು 50 ಬಾರ್ ತಾಳಬೇಕು. ಕರೆಂಟು ಒಮ್ಮೆಲೇ ಹೋದಾಗ ನಿಂತ ನೀರಿನ ಕಂಬ ಹಿಂದಕ್ಕೆ ಬಿದ್ದು ಒತ್ತಡದ ಅಲೆ ಏಳುತ್ತದೆ. ಮುಚ್ಚಿದ ತುದಿಗೆ ತಾಗಿದ ಅಲೆ ಅಲ್ಲಿ ಇಮ್ಮಡಿಯಾಗಬಲ್ಲದು. ಬಳಕೆಯಿಲ್ಲದೆ ಮುಚ್ಚಿಟ್ಟ ಕವಲು ಹೀಗೆ ಲೈನಿನ ಅತಿ ಹೆಚ್ಚು ಒತ್ತಡದ ಜಾಗವಾಗಬಹುದು.

ರಾಡಿ ಹರಿಯುವಾಗ

ಅರೆದ ಕಲ್ಲು ನೀರಿನೊಡನೆ ಬೆರೆತ ರಾಡಿಗೆ ಗಣಿಯವರ ಮಾತು ಸ್ಲರಿ. ಕವಲು ತನ್ನ ನಿಜವಾದ ತೊಡಕನ್ನು ತೋರಿಸುವುದು ಸ್ಲರಿಯಲ್ಲಿ. ನೀರು ತಿರುವಿನಲ್ಲಿ ಸುಲಭವಾಗಿ ಬಾಗುತ್ತದೆ. ಅದರಲ್ಲಿ ತೇಲುವ ಕಲ್ಲಿನ ಕಣ, ಸರಕು ತುಂಬಿದ ಲಾರಿಯಂತೆ, ಹಿಡಿದ ದಿಕ್ಕನ್ನು ಬೇಗ ಬಿಡುವುದಿಲ್ಲ. ಟೀಯಲ್ಲಿ ಅರ್ಧ ನೀರು ಕವಲಿಗೆ ತಿರುಗಿದರೂ ಅರ್ಧ ಕಲ್ಲು ತಿರುಗುವುದಿಲ್ಲ. ದಪ್ಪ ಕಣಗಳು ನೇರವಾಗಿ ಮುಂದೆ ಹೋಗುತ್ತವೆ, ಕವಲಿಗೆ ತೆಳುವಾದ ರಾಡಿ ಸಿಗುತ್ತದೆ. ಸಾಲಿನ ಕೊನೆಯ ಕವಲಿಗೆ ಬೇಡದಷ್ಟು ಮರಳು ಬಂದು ಸೇರುತ್ತದೆ.

ಅದಿರನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಹೈಡ್ರೋಸೈಕ್ಲೋನುಗಳಿಗೆ ಇದು ಹೊಂದುವುದಿಲ್ಲ. ಒಂದೇ ಪಂಪಿನಿಂದ ಹತ್ತು ಸೈಕ್ಲೋನುಗಳಿಗೆ ಸ್ಲರಿ ಹೋಗಬೇಕಾದರೆ ಹತ್ತಕ್ಕೂ ಒಂದೇ ಗಟ್ಟಿತನದ್ದು ಹೋಗಬೇಕು. ಉದ್ದನೆಯ ಹೆಡರಿನಿಂದ ಸಾಲಾಗಿ ಕವಲು ತೆಗೆದರೆ ಮೊದಲಿನದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಬರುತ್ತದೆ. ಅದರ ಬದಲು ನಡುವೆ ದುಂಡನೆಯ ಪಾತ್ರೆ ಇಟ್ಟು, ಕೆಳಗಿನಿಂದ ಸ್ಲರಿ ತುಂಬಿಸಿ, ಸುತ್ತಲೂ ಸಮ ಅಂತರದಲ್ಲಿ ಕವಲು ತೆಗೆಯುತ್ತಾರೆ. ಯಾವ ಕವಲೂ ಮೊದಲಲ್ಲ, ಯಾವುದೂ ಕೊನೆಯಲ್ಲ. ಹಂಚಿಕೆ ಹೆಚ್ಚುಕಡಿಮೆ ಸಮನಾಗುತ್ತದೆ.

ಇನ್ನೊಂದು ತೊಡಕು ಮುಚ್ಚಿದ ಕವಲಿನದು. ವಾಲ್ವ್ ಮುಚ್ಚಿ, ಮುಖ್ಯ ಲೈನು ಓಡುತ್ತಿದ್ದರೆ ಕವಲಿನ ಬಾಯಿಯಿಂದ ವಾಲ್ವಿನವರೆಗಿನ ತುಂಡಿನಲ್ಲಿ ಹರಿವಿಲ್ಲ. ಮರಳು ಅಲ್ಲಿಗೆ ಇಳಿದು, ಗಟ್ಟಿಯಾಗಿ ಜಡಿದುಕೊಂಡು, ಮುಂದೆ ವಾಲ್ವ್ ತೆರೆದರೂ ಹರಿಯುವುದಿಲ್ಲ. ಕವಲು ಕೆಳಮುಖವಾಗಿದ್ದರೆ ಇದು ಖಂಡಿತ. ಅದಕ್ಕೆ ಮೂರು ಕ್ರಮಗಳಿವೆ: ಕವಲನ್ನು ಪಕ್ಕದಿಂದ ಅಥವಾ ಮೇಲಿನಿಂದ ತೆಗೆಯುವುದು, ವಾಲ್ವನ್ನು ಮುಖ್ಯ ಪೈಪಿಗೆ ಆದಷ್ಟು ಹತ್ತಿರ ಕೂರಿಸುವುದು, ವಾಲ್ವಿನ ಪಕ್ಕದಲ್ಲಿ ತೊಳೆನೀರಿನ ಸಣ್ಣ ಕವಲು ಕೊಡುವುದು. ವಾಲ್ವುಗಳೂ ಬೇರೆಯವೇ. ಸಾಮಾನ್ಯ ಗೇಟ್ ವಾಲ್ವಿನ ತೋಡಿನಲ್ಲಿ ಮರಳು ಸಿಕ್ಕಿ ಅದು ಪೂರ್ತಿ ಮುಚ್ಚುವುದಿಲ್ಲ. ಸ್ಲರಿಗೆ ಚೂರಿಯಂಥ ತೆಳು ತಗಡು ಇಳಿಯುವ ನೈಫ್ ಗೇಟ್ ವಾಲ್ವ್, ಇಲ್ಲವೇ ರಬ್ಬರಿನ ಕೊಳವೆಯನ್ನು ಹೊರಗಿನಿಂದ ಹಿಸುಕುವ ಪಿಂಚ್ ವಾಲ್ವ್ ಬೇಕು.

ದೂರ ಸಾಗುವ ಸ್ಲರಿ ಲೈನನ್ನು ದಾರಿಯುದ್ದಕ್ಕೂ ಆದಷ್ಟು ಕವಲಿಲ್ಲದೆ ಹಾಕುವುದು ಈ ಕಾರಣಕ್ಕೆ. ಇಂಥ ಕಬ್ಬಿಣದ ಅದಿರಿನ ಲೈನುಗಳಲ್ಲಿ ಮೊದಲಿನದು ಟಾಸ್ಮೇನಿಯಾದ ಸ್ಯಾವೇಜ್ ರಿವರಿನದು. 1967ರಲ್ಲಿ ಶುರುವಾದ ಅದರ ಉದ್ದ ಸುಮಾರು 85 ಕಿಲೋಮೀಟರ್. ಬ್ರೆಜಿಲಿನ ಮಿನಾಸ್ ರಿಯೋ ಲೈನು 529 ಕಿಲೋಮೀಟರ್ ಸಾಗಿ ಸಮುದ್ರ ತೀರ ಸೇರುತ್ತದೆ. ಕರ್ನಾಟಕದಲ್ಲಿ 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಪಶ್ಚಿಮ ಘಟ್ಟದ ಮೇಲೆ ಅರೆದು ಸಾಂದ್ರಗೊಳಿಸಿದ ಮ್ಯಾಗ್ನಟೈಟ್ ಅದಿರನ್ನು ಸುಮಾರು 67 ಕಿಲೋಮೀಟರಿನ ಲೈನಿನಲ್ಲಿ ಮಂಗಳೂರಿನ ಬಂದರಿಗೆ ಇಳಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು.

ಇಂಥ ಲೈನುಗಳಲ್ಲಿ ಕವಲುಗಳೆಲ್ಲ ತುದಿಗಳಲ್ಲಿ, ಸ್ಟೇಷನ್ನಿನ ಬೇಲಿಯೊಳಗೆ, ಕಣ್ಣೆದುರಿಗೆ ಇರುತ್ತವೆ. ಹೊರಡುವ ಕಡೆ ಹಲವು ಪಂಪುಗಳು ಒಂದೇ ಲೈನಿಗೆ ಸೇರುವ ಕವಲು, ಸ್ಲರಿ ಬದಲು ಶುದ್ಧ ನೀರು ಬಿಡಲು ಇನ್ನೊಂದು, ಲೈನು ಕಟ್ಟಿದರೆ ಒಳಗಿದ್ದುದನ್ನು ಹೊಂಡಕ್ಕೆ ಖಾಲಿ ಮಾಡಲು ಮತ್ತೊಂದು. ತಲುಪುವ ಕಡೆ ಟ್ಯಾಂಕುಗಳಿಗೆ ಹಂಚುವ ಕವಲು. ಪೈಪಿನೊಳಗೆ ಉಜ್ಜುತ್ತ ಸಾಗುವ ಪಿಗ್ ಎಂಬ ಶುಚಿ ಸಾಧನ ಓಡಿಸುವ ಲೈನಾದರೆ ದೊಡ್ಡ ಕವಲಿನ ಬಾಯಿಗೆ ಅಡ್ಡ ಕಂಬಿ ಬೆಸೆದಿರಬೇಕು. ಇಲ್ಲದಿದ್ದರೆ ಪಿಗ್ ಕವಲಿಗೆ ನುಗ್ಗಿ ಸಿಕ್ಕಿಬೀಳುತ್ತದೆ.

ಸವೆಯುವುದು ಎಲ್ಲಿ

ನೇರ ಪೈಪು ಸವೆಯುವುದು ತಳದಲ್ಲಿ, ಮರಳು ಉರುಳುವ ಕಡೆ. ಅದಕ್ಕೊಂದು ಸುಲಭ ಉಪಾಯವಿದೆ. ಕಾಲಕಾಲಕ್ಕೆ ಪೈಪನ್ನು 120 ಡಿಗ್ರಿ ತಿರುಗಿಸಿದರೆ ಸವೆತ ಮೂರು ಪಾಲಾಗಿ ಹಂಚಿ, ಆಯುಸ್ಸು ಹೆಚ್ಚುತ್ತದೆ. ಕವಲಿಗೆ ಈ ಉಪಾಯ ನಡೆಯುವುದಿಲ್ಲ. ಕವಲಿನ ಬಾಯಿ ಯಾವ ಕಡೆಗಿದೆಯೋ ಆ ಕಡೆಗೇ ಇರಬೇಕು, ತಿರುಗಿಸುವಂತಿಲ್ಲ. ಆದ್ದರಿಂದ ಟೀ ಮತ್ತು ವೈಗಳನ್ನು ಪೈಪಿಗಿಂತ ದಪ್ಪ ಗೋಡೆಯದ್ದಾಗಿ ಮಾಡಿಸುವುದು, ಒಳಗೆ ಸವೆತ ತಡೆಯುವ ಪದರ ಕೊಡುವುದು, ಬೇಗ ಬಿಚ್ಚಿ ಬದಲಿಸುವಂತೆ ಫ್ಲೇಂಜಿನಿಂದಲೋ ಗ್ರೂವ್ಡ್ ಕಪ್ಲಿಂಗಿನಿಂದಲೋ ಜೋಡಿಸುವುದು ರೂಢಿ.

ಟೀಯಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಎರಡು ಜಾಗ. ಒಂದು, ಕವಲಿನ ಬಾಯಿಯ ಮುಂದಿನ ಅಂಚು; ಕವಲಿಗೆ ತಿರುಗುವ ರಾಡಿ ಅಲ್ಲಿಗೇ ಬಡಿಯುತ್ತದೆ. ಇನ್ನೊಂದು, ಕವಲಿನೊಳಗೆ ತುಸು ಮುಂದಿನ ಗೋಡೆ. ತಿರುಗುವಾಗ ಹರಿವು ಒಂದು ಬದಿಗೆ ಒತ್ತಿಕೊಂಡು, ಇನ್ನೊಂದು ಬದಿಯಲ್ಲಿ ಸುಳಿ ಎದ್ದು, ಕಿರಿದಾದ ಜಾಗದಲ್ಲಿ ವೇಗ ಏರುತ್ತದೆ. ವೈಯಲ್ಲಿ ಪೆಟ್ಟೆಲ್ಲ ಎರಡು ಕವಲು ಕೂಡುವ ಮೂಲೆಗೆ. ಅಲ್ಲಿ ಹೆಚ್ಚು ಲೋಹ ತುಂಬಿಸಿರುತ್ತಾರೆ.

ಯಾವ ಪದರ ಎಲ್ಲಿಗೆ ಎಂಬುದನ್ನು ಕಣ ಬಡಿಯುವ ಕೋನ ನಿರ್ಧರಿಸುತ್ತದೆ. ಮೆತು ಉಕ್ಕಿನಂಥ ಬಾಗುವ ವಸ್ತು ಹೆಚ್ಚು ಸವೆಯುವುದು ಕಣ 20ರಿಂದ 30 ಡಿಗ್ರಿಯ ಓರೆಯಲ್ಲಿ ಕೆರೆದಾಗ. ಸೆರಾಮಿಕ್, ಬಸಾಲ್ಟ್, ಹೆಚ್ಚು ಕ್ರೋಮಿಯಂ ಇರುವ ಎರಕದ ಕಬ್ಬಿಣದಂಥ ಗಡುಸು ವಸ್ತು ಓರೆ ಉಜ್ಜನ್ನು ಚೆನ್ನಾಗಿ ತಾಳುತ್ತದೆ. ಆದರೆ ದಪ್ಪ ಕಲ್ಲು ನೇರವಾಗಿ ಬಡಿದರೆ ಸೀಳುತ್ತದೆ. ರಬ್ಬರ್ ನುಣುಪು ಮರಳಿನ ಪೆಟ್ಟನ್ನು ಹೀರಿ ವಾಪಸು ಚಿಮ್ಮಿಸುತ್ತದೆ, ಚೂಪು ಕಲ್ಲಿಗೆ ಹರಿಯುತ್ತದೆ. ಹಾಗಾಗಿ ನುಣ್ಣನೆಯ ರಾಡಿಯ ಟೀಗೆ ರಬ್ಬರ್, ಓರೆ ಕವಲಿಗೆ ಸೆರಾಮಿಕ್ ಎಂಬಂಥ ಹೊಂದಾಣಿಕೆಗಳು ಬಂದಿವೆ. ಪುಡಿಯನ್ನು ಗಾಳಿಯಿಂದ ಸಾಗಿಸುವ ಲೈನುಗಳಲ್ಲಿ ಟೀಯನ್ನೇ ಬಾಗಿನ ಬದಲು ಬಳಸುವುದೂ ಇದೆ. ನೇರ ತುದಿಯನ್ನು ಮುಚ್ಚಿಬಿಟ್ಟರೆ ಆ ಗೂಡಿನಲ್ಲಿ ಪುಡಿಯೇ ತುಂಬಿ ನಿಲ್ಲುತ್ತದೆ. ಮುಂದೆ ಬರುವ ಪುಡಿ ಲೋಹಕ್ಕೆ ಬಡಿಯದೆ ಪುಡಿಗೇ ಬಡಿದು ತಿರುಗುತ್ತದೆ.

ಅಣೆಕಟ್ಟೆಯ ಮೇಲಿನ ಕವಲುಗಳು

ಅದಿರಿನಿಂದ ಲೋಹ ತೆಗೆದ ಮೇಲೆ ಉಳಿಯುವ ಟೇಲಿಂಗ್ಸನ್ನು ಅಣೆಕಟ್ಟೆಯ ಹಿಂದೆ ಶೇಖರಿಸುತ್ತಾರೆ. ಕುದುರೆಮುಖದಲ್ಲಿ ಈ ಕೆಲಸಕ್ಕೆ ಲಕ್ಯಾ ಅಣೆಕಟ್ಟೆ ಇತ್ತು. ಅನೇಕ ಗಣಿಗಳಲ್ಲಿ ಕಟ್ಟೆಯ ನೆತ್ತಿಯ ಉದ್ದಕ್ಕೂ ಹೆಡರ್ ಹಾಸಿ, ಅಲ್ಲಲ್ಲಿ ಟೀ ಇಟ್ಟು, ಸಣ್ಣ ಬಾಯಿಗಳಿಂದ ರಾಡಿ ಬಿಡುತ್ತಾರೆ. ಈ ಬಾಯಿಗೆ ಸ್ಪಿಗಾಟ್ ಎನ್ನುತ್ತಾರೆ. ಬಾಯಿಂದ ಬಿದ್ದ ರಾಡಿಯಲ್ಲಿ ಒರಟು ಮರಳು ಕಟ್ಟೆಯ ಬಳಿಯೇ ಕೂರುತ್ತದೆ, ನುಣುಪು ಜೇಡಿ ಮತ್ತು ನೀರು ದೂರಕ್ಕೆ ಸರಿಯುತ್ತವೆ. ಮರಳಿನ ಈ ದಂಡೆ ಬಸಿದು ಗಟ್ಟಿಯಾಗುತ್ತದೆ. ಕಟ್ಟೆಯನ್ನು ಒಳಮುಖವಾಗಿ ಮೇಲೆ ಮೇಲೆ ಏರಿಸುವ ಪದ್ಧತಿಯಲ್ಲಿ ಮುಂದಿನ ಹಂತಕ್ಕೆ ಅಡಿಪಾಯ ಅದೇ.

ಇಲ್ಲಿ ಎಲ್ಲ ಕವಲುಗಳನ್ನೂ ಒಟ್ಟಿಗೆ ತೆರೆಯುವಂತಿಲ್ಲ. ತೆರೆದರೆ ಹೆಡರಿನ ವೇಗ ಇಳಿದು ಮರಳು ಪೈಪಿನಲ್ಲಿಯೇ ಕೂರುತ್ತದೆ. ಕೆಲವನ್ನೇ ಗುಂಪಾಗಿ ತೆರೆದು, ಅಲ್ಲಿ ದಂಡೆ ಏರಿದ ಮೇಲೆ ಮುಚ್ಚಿ, ಮುಂದಿನ ಗುಂಪಿಗೆ ಹೋಗುತ್ತಾರೆ. ದಂಡೆ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಏರಿ, ನೀರಿನ ಮಡು ಕಟ್ಟೆಯಿಂದ ದೂರ ಉಳಿಯಬೇಕು.

ಈ ಕ್ರಮ ತಪ್ಪಿದರೆ ಏನಾಗಬಹುದೆಂಬುದಕ್ಕೆ ಬ್ರೆಜಿಲಿನ ಫಂಡಾವೊ ಅಣೆಕಟ್ಟೆ ಸಾಕ್ಷಿ. 2015ರ ನವೆಂಬರ್ 5ರಂದು ಅದು ಕುಸಿದು 19 ಜನ ಸತ್ತರು. 2016ರಲ್ಲಿ ತಜ್ಞರ ಸಮಿತಿ ನೀಡಿದ ವರದಿಯ ಪ್ರಕಾರ, ನೀರು ಕಟ್ಟೆಯ ನೆತ್ತಿಯಿಂದ 200 ಮೀಟರ್ ದೂರ ಇರಬೇಕಿತ್ತು. 2011 ಮತ್ತು 2012ರಲ್ಲಿ ಕೆಲವೊಮ್ಮೆ 60 ಮೀಟರಿನಷ್ಟು ಹತ್ತಿರ ಬಂದಿತ್ತು. ಹಾಗಾಗಿ ಮರಳು ಇರಬೇಕಾದ ಕಡೆ ಜೇಡಿ ಕೂತಿತು. ಮುಂದೆ ಕಟ್ಟೆಯ ಎಡಭಾಗವನ್ನು ಆ ಜೇಡಿಯ ಮೇಲೆಯೇ ಏರಿಸಲಾಯಿತು. ಅಲ್ಲಿ ಮುರಿದದ್ದು ಪೈಪಲ್ಲ. ಆದರೆ ಯಾವ ರಾಡಿಯನ್ನು ಎಲ್ಲಿ, ಯಾವಾಗ ಬಿಡಬೇಕೆಂಬ ಲೆಕ್ಕಕ್ಕೆ ಕಟ್ಟೆಯ ಆಯುಸ್ಸೇ ಕಟ್ಟುಬಿದ್ದಿರುತ್ತದೆ ಎಂಬುದು ಆ ವರದಿಯಿಂದ ಸ್ಪಷ್ಟ.

ಟೊಳ್ಳು ತುಂಬಲು, ಲೋಹ ಬಸಿಯಲು

ಝರಿಯಾ ಮತ್ತು ರಾಣಿಗಂಜ್ ಕಲ್ಲಿದ್ದಲು ಗಣಿಗಳಲ್ಲಿ ಕಲ್ಲಿದ್ದಲು ತೆಗೆದ ಟೊಳ್ಳಿಗೆ ನದಿಯ ಮರಳನ್ನು ನೀರಿನೊಡನೆ ಬಿಟ್ಟು ತುಂಬುವ ರೂಢಿ ಹಳೆಯದು. ಮೇಲಿನ ನೆಲ ಕುಸಿಯದಿರಲಿ, ಒಳಗೆ ಬೆಂಕಿ ಹೊತ್ತದಿರಲಿ ಎಂಬುದು ಉದ್ದೇಶ. ಇದಕ್ಕಾಗಿ 1939ರಲ್ಲಿಯೇ ಒಂದು ಕಾಯಿದೆ ಬಂದಿತ್ತು. ಪಂಪಿಲ್ಲದೆ, ಎತ್ತರದ ಬಲದಿಂದಲೇ ಮರಳು ಇಳಿಯುವುದರಿಂದ ಇಲ್ಲಿ ಕವಲಿನ ನಷ್ಟಕ್ಕೆ ಬೆಲೆ ಹೆಚ್ಚು. ಮರಳು ಒಮ್ಮೆಗೆ ಒಂದೇ ಟೊಳ್ಳಿಗೆ ಹೋಗಬೇಕು. ಇನ್ನೊಂದರ ಕವಲನ್ನು ಬಾಯಿಯ ಹತ್ತಿರವೇ ಗಟ್ಟಿಯಾಗಿ ಮುಚ್ಚಿರಬೇಕು. ಕೆಲಸದ ಮೊದಲೂ ಕೊನೆಗೂ ಬರಿ ನೀರು ಹಾಯಿಸಿ ಲೈನನ್ನು ತೊಳೆಯುತ್ತಾರೆ.

ಅದಿರಿನ ರಾಶಿಯ ಮೇಲೆ ರಾಸಾಯನಿಕ ದ್ರಾವಣ ತೊಟ್ಟಿಕ್ಕಿಸಿ ಲೋಹ ಬಸಿಯುವ ಗಣಿಗಳಲ್ಲಿ ಕವಲುಗಳ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು. ಚಿಲಿಯ ತಾಮ್ರದ ಗಣಿಗಳಲ್ಲಿ, ಅಮೆರಿಕದ ನೆವಾಡಾದ ಚಿನ್ನದ ಗಣಿಗಳಲ್ಲಿ ಈ ಪದ್ಧತಿ ಇದೆ. ಮುಖ್ಯ ಲೈನಿನಿಂದ ಉಪ ಲೈನು, ಅದರಿಂದ ಸಾಲುಸಾಲು ತೆಳು ಕೊಳವೆ, ಕೊಳವೆಗೆ ಹನಿ ಬಿಡುವ ತೂತು. ಹೊಲದ ಹನಿ ನೀರಾವರಿಯ ತಂತ್ರವೇ ಇಲ್ಲಿಗೂ ಬಂದಿದೆ. ದ್ರಾವಣ ಆಮ್ಲವೋ ಸಯನೈಡೋ ಆಗಿರುತ್ತದೆ; ಆಮ್ಲವಾದರೆ ಸಾಮಾನ್ಯ ಉಕ್ಕಿಗೆ ಜಾಗವಿಲ್ಲ. ಎಚ್‌ಡಿಪಿಇ ಟೀ ಮತ್ತು ಸ್ಯಾಡಲ್‌ಗಳೇ ಹೆಚ್ಚು ಬಳಕೆಯಲ್ಲಿವೆ. ಒತ್ತಡ ಕಡಿಮೆ, ಕಣಗಳಿಲ್ಲ. ಇಲ್ಲಿನ ಚಿಂತೆ ಹಂಚಿಕೆಯದು: ಮೊದಲ ಸಾಲಿಗೂ ಕೊನೆಯ ಸಾಲಿಗೂ ಒಂದೇ ಪ್ರಮಾಣದ ಹನಿ ಬೀಳದಿದ್ದರೆ ರಾಶಿಯ ಒಂದು ಭಾಗದ ಲೋಹ ಅಲ್ಲೇ ಉಳಿಯುತ್ತದೆ.

ತೂತಿನ ಬೆಲೆ

ಪೈಪಿನ ಗೋಡೆಯಲ್ಲಿ ಕವಲಿಗೆಂದು ತೂತು ಕೊರೆದಾಗ ಒತ್ತಡ ತಾಳುತ್ತಿದ್ದ ಲೋಹ ಅಷ್ಟು ಹೋಗುತ್ತದೆ. ಹೋದ ಲೋಹವನ್ನು ತೂತಿನ ಸುತ್ತ ಬೇರೆ ರೂಪದಲ್ಲಿ ವಾಪಸು ಕೊಡಬೇಕೆಂಬುದು ಪೈಪಿನ ವಿನ್ಯಾಸದ ಮೂಲ ನಿಯಮಗಳಲ್ಲಿ ಒಂದು. ತಯಾರಾದ ಟೀಯಲ್ಲಿ ಗೋಡೆ ದಪ್ಪಗಿರುವುದು ಅದಕ್ಕೇ. ಸ್ಥಳದಲ್ಲಿ ವೆಲ್ಡ್ ಮಾಡಿದ ಕವಲಿಗೆ ಸುತ್ತಲೂ ಬಳೆಯಾಕಾರದ ತಗಡು ಬೆಸೆಯುತ್ತಾರೆ. ಆ ತಗಡಿನಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಒಳಗಿನ ವೆಲ್ಡ್ ಸೋರಿದರೆ ಅದು ಈ ತೂತಿನಲ್ಲಿ ಮೊದಲು ಕಾಣುತ್ತದೆ. ಎಚ್‌ಡಿಪಿಇಯಲ್ಲಿ ಪೈಪುಗಳನ್ನು ಓರೆಯಾಗಿ ಕತ್ತರಿಸಿ ಬೆಸೆದು ಮಾಡಿದ ಟೀ ಅದೇ ದಪ್ಪದ ನೇರ ಪೈಪಿನಷ್ಟು ಒತ್ತಡ ತಾಳುವುದಿಲ್ಲ. ಅಂಥದನ್ನು ಇನ್ನೂ ದಪ್ಪ ಪೈಪಿನಿಂದ ಮಾಡಬೇಕು, ಇಲ್ಲವೇ ಅಚ್ಚಿನಲ್ಲಿ ಎರೆದ ಟೀ ಬಳಸಬೇಕು.

ಹೊರಗಿನ ಬಲವನ್ನೂ ಮರೆಯುವಂತಿಲ್ಲ. 300 ಮಿಲಿಮೀಟರಿನ ಟೀಯ ಕವಲನ್ನು ತಗಡಿನಿಂದ ಮುಚ್ಚಿ, ಒಳಗೆ 10 ಬಾರ್ ಒತ್ತಡ ಇದ್ದರೆ ಆ ತಗಡನ್ನು ಹೊರಕ್ಕೆ ನೂಕುವ ಬಲ ಸುಮಾರು 7 ಟನ್ ತೂಕದಷ್ಟು. ಆ ಬಲವನ್ನು ತಗಡಿನ ಬೋಲ್ಟುಗಳು ಹಿಡಿಯುತ್ತವೆ. ಕವಲಿನ ಪೈಪು ಬೋಲ್ಟಿಲ್ಲದೆ ಬರಿ ತೂರಿಸಿ ಕೂರಿಸಿದ್ದಾದರೆ ಟೀ ಕವಲಿಗೆ ವಿರುದ್ಧ ದಿಕ್ಕಿಗೆ ಸರಿಯಲು ನೋಡುತ್ತದೆ. ಅದಕ್ಕೆ ಎದುರಾಗಿ ಕಾಂಕ್ರೀಟಿನ ಗಟ್ಟಿ ಆಸರೆ, ಭೂಗತ ಗಣಿಯಲ್ಲಾದರೆ ಬಂಡೆಗೆ ನೆಟ್ಟ ಬೋಲ್ಟು ಬೇಕು. ಕವಲಿನಿಂದ ಹೊರಟ ಪೈಪಿನ ತೂಕ ಟೀಯ ಮೇಲೆ ಬೀಳದಂತೆ ಅದಕ್ಕೂ ತನ್ನದೇ ಆಧಾರ ಇರಬೇಕು.

ತಪಾಸಣೆ ಮತ್ತು ಬಿಚ್ಚುವ ಕ್ರಮ

ಕವಲು ಒಳಗಿನಿಂದ ಸವೆಯುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಶ್ರವಣಾತೀತ ಶಬ್ದದ ಅಲೆಯಿಂದ ಗೋಡೆಯ ದಪ್ಪ ಅಳೆಯುವ ಮೀಟರನ್ನು ಗೊತ್ತಾದ ಬಿಂದುಗಳಲ್ಲಿ ಇಟ್ಟು, ಪ್ರತಿ ಸಲದ ಅಂಕಿಯನ್ನು ಬರೆದಿಡುತ್ತಾರೆ. ಎರಡು ಅಳತೆಗಳ ನಡುವಿನ ವ್ಯತ್ಯಾಸ ನೋಡಿ ಟೀ ಇನ್ನೆಷ್ಟು ದಿನ ತಾಳೀತೆಂದು ಲೆಕ್ಕ ಹಾಕಿ, ಬದಲಿ ಟೀಯನ್ನು ಮೊದಲೇ ತರಿಸಿಡುತ್ತಾರೆ. ಯಾವ ಪೈಪಿನಲ್ಲಿ ಏನಿದೆ ಎಂದು ತಿಳಿಯಲು ಬಣ್ಣದ ಗುರುತಿದೆ: ಭಾರತೀಯ ಮಾನಕದಂತೆ ನೀರಿಗೆ ಸಮುದ್ರ ಹಸಿರು, ಗಾಳಿಗೆ ಆಕಾಶ ನೀಲಿ. ಹಲವು ಲೈನುಗಳು ಒಟ್ಟಿಗೆ ಸಾಗುವ ಕಡೆ, ತಪ್ಪು ಕವಲು ಬಿಚ್ಚುವುದನ್ನು ಇದು ತಪ್ಪಿಸುತ್ತದೆ.

ಬಿಚ್ಚುವಾಗಿನ ದೊಡ್ಡ ಅಪಾಯ ಜಡಿದುಕೊಂಡ ಮರಳಿನದು. ಮುಖ್ಯ ಲೈನಿನ ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಕವಲಿನಲ್ಲಿ ಮರಳಿನ ಬಿರಡೆಯ ಹಿಂದೆ ಒತ್ತಡ ಸಿಕ್ಕಿಕೊಂಡಿರಬಹುದು. ಬೋಲ್ಟು ಸಡಿಲಿಸುತ್ತಿದ್ದಂತೆ ಅದು ಚಿಮ್ಮಿ ಎದುರಿಗಿದ್ದವರಿಗೆ ಬಡಿಯುತ್ತದೆ. ಪಂಪಿನ ಸ್ವಿಚ್ಚಿಗೆ ಬೀಗ, ಎರಡು ಬದಿಯ ವಾಲ್ವುಗಳಿಗೂ ಬೀಗ, ಬಿರಡೆಯ ಎರಡೂ ಕಡೆ ಬಸಿಯುವ ನಲ್ಲಿ ತೆರೆದು ಒತ್ತಡ ಇಳಿಸುವುದು, ಆಮೇಲೆ ನೇರ ಎದುರಿಗೆ ನಿಲ್ಲದೆ ದೂರದ ಬದಿಯ ಬೋಲ್ಟಿನಿಂದ ಸಡಿಲಿಸುತ್ತ ಬರುವುದು ಇದಕ್ಕಿರುವ ಕ್ರಮ.

ಗಣಿಯ ಲೈನು ನಿಂತಲ್ಲಿ ನಿಲ್ಲುವಂಥದ್ದಲ್ಲ. ಒಂದು ಸ್ಟೋಪ್ ಮುಗಿದು ಇನ್ನೊಂದು ತೆರೆದಂತೆ, ಅಣೆಕಟ್ಟೆ ಏರಿದಂತೆ ಹೊಸ ಕವಲು ಬೇಕಾಗುತ್ತದೆ, ಹಳೆಯದು ಬೇಡವಾಗುತ್ತದೆ. ಬೇಡವಾದ ಕವಲಿಗೆ ತಗಡು ಮುಚ್ಚಿ ಬಿಡುವುದು ಸುಲಭ. ಆದರೆ ಹಾಗೆ ಬಿಟ್ಟ ಟೀ ಮರಳು ಕೂಡಿಸುತ್ತದೆ, ಒತ್ತಡದ ಅಲೆಯನ್ನು ಹಿಂತಿರುಗಿಸುತ್ತದೆ, ಮೂರು ಕೀಲಿನಲ್ಲಿ ಸೋರುತ್ತದೆ, ತಪಾಸಣೆಯ ಪಟ್ಟಿಯಲ್ಲಿ ಉಳಿದು ಕೆಲಸ ಹೆಚ್ಚಿಸುತ್ತದೆ. ಆದ್ದರಿಂದ ಲೈನು ನಿಂತ ಮೊದಲ ಅವಕಾಶದಲ್ಲಿಯೇ ಅದನ್ನು ತೆಗೆದು, ಆ ಜಾಗಕ್ಕೆ ಅಷ್ಟೇ ಉದ್ದದ ನೇರ ಪೈಪನ್ನು ಕೂರಿಸಿ, ನಕ್ಷೆಯಲ್ಲಿ ತಿದ್ದುಪಡಿ ಮಾಡುವುದು ಸರಿಯಾದ ಕ್ರಮ.